ಗ್ಯಾರೇಜಲ್ಲೂ ಇದ್ದಿಲು ಬೇಡ, ಹಾಲ್‌ಗೆ ಹೋಗಿ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ. ಶನಿವಾರ ಐಸ್ ಸ್ಟಾರ್ಮ್ ಬರುತ್ತಂತೆ, ಕರೆಂಟ್ ಹೋದರೆ ಡಲ್ಲಾಸ್ ಹತ್ತಿರದ ನಿಮ್ಮ ಪ್ಲೇನೋದಲ್ಲಿ ಹುಡುಗರು ಸೇರಿ ಚಳಿಗೆ ಆಸರೆಯಾಗಿ ತೆರೆಯುವ ಹಾಲ್‌ಗೆ ಕೂಸನ್ನು ಎತ್ತಿಕೊಂಡು ಹೋಗಬೇಕಾ, ಇಲ್ಲ ಮನೆಯಲ್ಲೇ ಇರಬೇಕಾ ಅಂತ ಕೇಳಿದ್ದೀಯ. ಬಾರ್ಬೆಕ್ಯೂ ಗ್ರಿಲ್ ಒಳಗೆ ತಂದು ಅಗ್ಗಿಷ್ಟಿಕೆ ಥರ ಇಟ್ಟುಕೊಂಡರಾಯಿತು ಅಂತ ನಿಮ್ಮ ಅತ್ತೆ ಅಂದರಂತೆ. ಬೇಡ ಪುಟ್ಟೀ. ಮನೆಯೊಳಗೆ ಇದ್ದಿಲು ಹಚ್ಚಬೇಡಿ, ಗ್ಯಾರೇಜಲ್ಲೂ ಬೇಡ.

2021ರ ಫೆಬ್ರವರಿಯಲ್ಲಿ ನೀನಿನ್ನೂ ಬೆಂಗಳೂರಲ್ಲಿದ್ದೆ. ಇಲ್ಲಿ ಹೂಸ್ಟನ್ನಿನಲ್ಲಿ ಮೈನಸ್ 10 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಿತ್ತು. 15ನೇ ತಾರೀಖು ಬೆಳಗಿನ ಜಾವ ಕರೆಂಟ್ ಹೋಯಿತು. ಸರದಿ ಮೇಲೆ ತೆಗೆಯುತ್ತೇವೆ ಅಂದಿದ್ದರು, ನಮ್ಮ ಬೀದಿಯ ಸರದಿ ಬರಲೇ ಇಲ್ಲ. ಎರಡನೇ ರಾತ್ರಿ ದೊಡ್ಡಪ್ಪ ಗ್ರಿಲ್ಲನ್ನು ಗ್ಯಾರೇಜಿಗೆ ತಂದು ಇದ್ದಿಲು ಹಚ್ಚಿ, ಮನೆಯೊಳಗಿನ ಬಾಗಿಲು ಅರ್ಧ ತೆಗೆದಿಟ್ಟರು. ತೀರ್ಥಹಳ್ಳಿ ಮನೆಯಲ್ಲಿ ಬಚ್ಚಲೊಲೆ ಮುಂದೆ ಕೂತು ಬೆಳೆದವರು, ಕೆಂಡ ಅಂದರೆ ಅವರಿಗೆ ಹೆದರಿಕೆಯೇ ಇಲ್ಲ. ಆದರೆ ಅಲ್ಲಿ ಹಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿತ್ತು, ಇಲ್ಲಿನ ಮನೆಗಳು ಡಬ್ಬಿ ಮುಚ್ಚಿದ ಹಾಗೆ. ಹೊಗೆಯೂ ಕಾಣಲಿಲ್ಲ, ವಾಸನೆಯೂ ಇಲ್ಲ. ನನಗೆ ತಲೆನೋವು ಬಂತು, ಹಸಿವಿಗೆ ಇರಬೇಕು ಅಂದುಕೊಂಡೆ. ನೀರು ಕುಡಿಯೋಣ ಅಂತ ಎದ್ದರೆ ಕಾಲೇ ನಿಲ್ಲಲಿಲ್ಲ, ದೊಡ್ಡಪ್ಪನನ್ನು ಕರೆದರೆ ಹೂಂ ಅನ್ನುತ್ತಾರೆ, ಕಣ್ಣು ಬಿಡುತ್ತಿಲ್ಲ.

ಅಷ್ಟೊತ್ತಿಗೆ ಯಾರೋ ಬಾಗಿಲು ಬಡಿದರು. ಇಲ್ಲಿನ ನಮ್ಮ ಕನ್ನಡದವರ ಹಾಲ್ ನೋಡಿಕೊಳ್ಳುತ್ತಿದ್ದ ಹುಡುಗ, ವಯಸ್ಸಾದವರ ಮನೆಮನೆಗೆ ಹೋಗಿ ವಿಚಾರಿಸುತ್ತಿದ್ದ. ಒಳಗೆ ಬಂದವನೇ ಗ್ಯಾರೇಜ್ ಬಾಗಿಲನ್ನು ಕೈಯಿಂದ ಎತ್ತಿ ಗ್ರಿಲ್ಲನ್ನು ಎಳೆದುಕೊಂಡು ಹೋಗಿ ಹಿಮದ ಮೇಲೆ ಬೋರಲು ಹಾಕಿದ. ಆ ಚುಂಯ್ ಅನ್ನೋ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಆ ವಾರ ಟೆಕ್ಸಾಸ್‌ನಲ್ಲಿ ಸತ್ತವರು ಸರ್ಕಾರದ ಲೆಕ್ಕದಲ್ಲೇ 246 ಜನ. ಚಳಿಗೆ ಹೋದವರೇ ಜಾಸ್ತಿ, ಆದರೆ ಇದ್ದಿಲಿನಿಂದ ಬರುವ ಈ ಬಣ್ಣ ವಾಸನೆ ಇಲ್ಲದ ವಿಷಗಾಳಿ, ಕಾರ್ಬನ್ ಮಾನಾಕ್ಸೈಡ್‌ಗೆ ಹೋದವರೂ ಇದ್ದಾರೆ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಮನೆಯೊಳಗೂ ಬೇಡ, ಗ್ಯಾರೇಜಲ್ಲೂ ಬೇಡ, ಬಾಗಿಲು ತೆಗೆದಿಟ್ಟರೂ ಬೇಡ. ಅತ್ತೆಯವರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ಆಮೇಲೆ ಅವನೇ ನಮ್ಮನ್ನು ಹಾಲ್‌ಗೆ ಕರೆದುಕೊಂಡು ಹೋದ. ಆಸ್ಪತ್ರೆಯ ಲೈನ್‌ನಲ್ಲಿದ್ದಿದ್ದರಿಂದ ಅಲ್ಲಿ ಕರೆಂಟ್ ಇತ್ತು. ರಾಜ್ಯೋತ್ಸವಕ್ಕೆ ಹೊಲಿಸಿದ್ದ ಪರದೆ ಹೊದ್ದು ಮಲಗಿದೆವು. ನಾಲ್ಕೇ ಜನ ಹುಡುಗರು, ಹಗಲು ರಾತ್ರಿ ನಿಂತು ಚಿತ್ರಾನ್ನ ಮಾಡಿ ಹಾಕಿದರು. ನಮಗೆ ಸಂಬಂಧವೇ ಇಲ್ಲದ, ಇಲ್ಲಿನ ಗ್ಯಾಲರಿ ಫರ್ನಿಚರ್ ಅಂಗಡಿಯ ಮಾಲೀಕ ಮೆಕಿಂಗ್ವೇಲ್ ತಮ್ಮ ಅಂಗಡಿಯನ್ನೇ ತೆರೆದು ಮಾರುವ ಸೋಫಾ ಹಾಸಿಗೆ ಮೇಲೆ ಜನರನ್ನು ಮಲಗಿಸಿದರು. ನಮ್ಮವರು ಏನು ಮಾಡಿದರು? ಮುಂದಿನ ವರ್ಷ ಆ ಹುಡುಗ ಮೀಟಿಂಗಿನಲ್ಲಿ ನಿಂತು ಹಾಲ್‌ಗೆ ಒಂದು ಜನರೇಟರ್ ತೆಗೆದುಕೊಳ್ಳೋಣ ಅಂದ. ಅಂಥ ಚಳಿ ಮತ್ತೆಲ್ಲಿ ಬರುತ್ತೆ ಅಂದುಬಿಟ್ಟರು, ದುಡ್ಡು ಸ್ಟೇಜಿಗೆ ಹೋಯಿತು. ಅವನ ಚಿತ್ರಾನ್ನ ತಿಂದವರೇ ಕೈ ಎತ್ತಲಿಲ್ಲ ಪುಟ್ಟೀ. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದು ಇಲ್ಲಿ 20 ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳಿಗೆ ಕರೆಂಟ್ ಹೋದಾಗ ಹಾಲ್ ಕೂಡ ಕತ್ತಲೆ. ಅಷ್ಟರಲ್ಲಿ ಅವನು ಊರೇ ಬಿಟ್ಟಿದ್ದ. ಅವನನ್ನು ಕಳಿಸಿಕೊಡುವಾಗ ಒಂದು ಶಾಲು ಹೊದಿಸಲಿಲ್ಲ ಯಾರೂ. ಹೊಟ್ಟೆ ಉರಿಯುತ್ತೆ ನನಗೆ.

ಅಯ್ಯೋ, ನೀನು ಕೇಳಿದ್ದೇ ಬಿಟ್ಟೆ. ಹೋಗಿ, ಆದರೆ ಕರೆಂಟ್ ಹೋಗಲಿ ಅಂತ ಕಾಯಬೇಡಿ. ಮೊದಲು ಫೋನ್ ಮಾಡಿ ಜನರೇಟರ್ ಇದೆಯಾ, ಅದನ್ನು ಕಟ್ಟಡದಿಂದ ದೂರ ಹೊರಗಿಟ್ಟಿದ್ದಾರಾ ಕೇಳು. ಕೂಸಿದೆ, ಅತ್ತೆಯ ಇನ್ಸುಲಿನ್ ಫ್ರಿಜ್‌ನಲ್ಲಿ ಇಡಬೇಕು ಅಂತಲೂ ಹೇಳು. ಬೆಳಕಿರುವಾಗಲೇ ಹೊರಡಿ, ಫ್ಲೈಓವರ್‌ಗಳು ಮೊದಲು ಐಸ್ ಕಟ್ಟುತ್ತವೆ. ಕಂಬಳಿ, ಕೂಸಿನ ಹಾಲಿನ ಪುಡಿ ನೀವೇ ಒಯ್ಯಿರಿ. ಅಲ್ಲಿ ಜಾಗ ಇಲ್ಲ ಅಂದರೆ 211 ಸಹಾಯವಾಣಿಗೆ ಫೋನ್ ಮಾಡಿ, ಬೇರೆ ಎಲ್ಲಿ ತೆರೆದಿದೆ ಹೇಳುತ್ತಾರೆ. ಮನೆಯಲ್ಲಿ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಇವತ್ತೇ ತರಲು ಹೇಳು ನಿನ್ನ ಯಜಮಾನರಿಗೆ. ತಲುಪಿದ ಮೇಲೆ ಮೆಸೇಜ್ ಹಾಕು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.