ಗೋವಾದ ಕಲಂಗುಟ್‌ನಲ್ಲಿ ಆಫರ್ ರೂಮ್: ಎರಡು ಬೇರೆ ಮಂಚ ಸಿಗುತ್ತಾ?

ಪ್ರಶ್ನೆ: ಅಮ್ಮನಿಗೆ, ತಮ್ಮನಿಗೆ ಸೇರಿ ಒಂದೇ ರೂಮ್. ಆ್ಯಪ್‌ನಲ್ಲಿ ‘ಡಬಲ್ ಅಥವಾ ಟ್ವಿನ್’ (ಒಂದೇ ದೊಡ್ಡ ಮಂಚ ಅಥವಾ ಎರಡು ಬೇರೆ ಮಂಚ) ಅಂತಿದೆ. ಎರಡು ಮಂಚ ಗ್ಯಾರಂಟಿನಾ?

ಮಡಗಾಂವ್ ಕನ್ನಡಿಗ: ಇಲ್ಲ ಸರ್. ‘ಅಥವಾ’ ಅಂದರೆ ಆಯ್ಕೆ ಹೋಟೆಲಿನದು. ಎರಡು ಮಂಚ ಬೇಕು ಅಂತ ನೀವು ಬರೆಯುವುದು ಬರೀ ಕೋರಿಕೆ. ರೂಮಿನ ಹೆಸರಲ್ಲೇ ‘ಟ್ವಿನ್’ ಇರುವುದನ್ನೇ ಆರಿಸಿ. ಬುಕ್ ಆದ ತಕ್ಷಣ ಕಸ್ಟಮರ್ ಕೇರ್ ಬಿಟ್ಟು ನೇರ ರಿಸೆಪ್ಶನ್‌ಗೆ ಫೋನ್ ಮಾಡಿ, ಬುಕಿಂಗ್ ನಂಬರ್ ಕೊಟ್ಟು, ಇಮೇಲ್‌ನಲ್ಲಿ ಒಪ್ಪಿಗೆ ತರಿಸಿಕೊಳ್ಳಿ. ಹಿಂದಿನ ಸಂಜೆ ಮತ್ತೆ ನೆನಪಿಸಿ. ತಡವಾಗಿ ಬಂದವರಿಗೆ ಉಳಿದ ರೂಮೇ ಗತಿ.

ಪಣಜಿವಾಸಿ: ಜೋಡಿಸಿದ ಮಂಚದ ಮೇಲೆ ಗಾದಿ ಒಂದಾ, ಎರಡಾ ಕೇಳಿ. ಎರಡಿದ್ದರೆ ಹೌಸ್‌ಕೀಪಿಂಗ್‌ನವರು ಬೇರೆ ಮಾಡಿಕೊಡಬಹುದು. ‘ಎಕ್ಸ್‌ಟ್ರಾ ಬೆಡ್’ ಅಂದರೆ ಎಷ್ಟೋ ಕಡೆ ನೆಲದ ಗಾದಿ, ಅದಕ್ಕೆ ದುಡ್ಡೂ ಬೇರೆ. ಅಮ್ಮನಿಗೆ ಮಂಡಿ ನೋವಿದ್ದರೆ ಖಂಡಿತ ಬೇಡ.

ಪುಣೆಕರ: ದುಡ್ಡು ಕಟ್ಟಿದ ಮೇಲೆ ಹೋಟೆಲ್ ಹೆಸರು ತೋರಿಸುವ ಡೀಲ್ ಮುಟ್ಟಬೇಡಿ. ಮೊದಲೇ ವಿಚಾರಿಸಲು ಆಗಲ್ಲ, ನೀವೇ ರದ್ದು ಮಾಡಿದರೆ ಸಾಮಾನ್ಯವಾಗಿ ದುಡ್ಡೂ ವಾಪಸ್ ಬರಲ್ಲ.