ತಮ್ಮನಿಗೆ ತೂಕ ಇಳಿಸುವ ಆಪರೇಷನ್: ಮಾಡಿಸಿಕೊಂಡವರು ಹೇಳಿ

ತಮ್ಮನಿಗೆ 34 ವರ್ಷ. ತೂಕ 132 ಕೆ.ಜಿ., ಎತ್ತರ ಐದೂವರೆ ಅಡಿ. ಶುಗರ್ ಹತೋಟಿಗೆ ಬರುತ್ತಿಲ್ಲ. ರಾತ್ರಿ ಗೊರಕೆ ಹೊಡೆಯುತ್ತಾ ಉಸಿರೇ ನಿಂತಂತಾಗುತ್ತದೆ. ಡಾಕ್ಟರು ಸ್ಲೀವ್ ಆಪರೇಷನ್ ಹೇಳಿದ್ದಾರೆ. ಮನೆಯ ಹಿರಿಯರು "ಬಾಯಿ ಕಟ್ಟಿದರೆ ಸಾಕು" ಅನ್ನುತ್ತಾರೆ. ನಮ್ಮ ಕಡೆ ಯಾರಾದರೂ ಮಾಡಿಸಿಕೊಂಡಿದ್ದೀರಾ?

ದಾವಣಗೆರೆಯಿಂದ:
ಅಕ್ಕಾ, ನಾನು ಮಾಡಿಸಿಕೊಂಡಿದ್ದೇನೆ. ಬಾಯಿ ಕಟ್ಟು ಅನ್ನುವ ಮಾತು ತಮ್ಮನ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ. ಅದನ್ನು ಕೇಳಿ ಕೇಳಿ ನಾನು ಎಷ್ಟು ಅತ್ತಿದ್ದೇನೋ. ಅವನ ಬಿಎಂಐ (ಎತ್ತರಕ್ಕೆ ತಕ್ಕಂತೆ ತೂಕ ಎಷ್ಟಿದೆ ಅನ್ನುವ ಅಳತೆ) 47ರ ಹತ್ತಿರ ಇದೆ. ಅಷ್ಟು ತೂಕದಲ್ಲಿ ಪಥ್ಯ ಮಾಡಿ ಇಳಿಸಿದರೂ ಹಸಿವು ಜಾಸ್ತಿಯಾಗಿ ತೂಕ ವಾಪಸ್ ಬರುವುದೇ ಹೆಚ್ಚು. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ಭಾಗದಲ್ಲೇ. ಎದೆಯುರಿ, ಹುಳಿತೇಗು ಇದ್ದರೆ ಮೊದಲೇ ಹೇಳಿ. ಸ್ಲೀವ್ ಆದಮೇಲೆ ಅದು ಜಾಸ್ತಿಯಾಗಬಹುದು. ಅಂಥವರಿಗೆ ಗ್ಯಾಸ್ಟ್ರಿಕ್ ಬೈಪಾಸ್ (ಜಠರವನ್ನು ಚಿಕ್ಕದು ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್) ಹೇಳುವುದುಂಟು.

ಆಪರೇಷನ್‌ಗಿಂತ ಆಮೇಲಿನ ಊಟವೇ ದೊಡ್ಡದು. ಮೊದಲು ಬರೀ ನೀರಾಗಿರುವುದು: ಮಜ್ಜಿಗೆ, ಬೇಳೆ ಕಟ್ಟು. ನಂತರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನ ಊಟ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ನಮ್ಮೂರಲ್ಲಿ ಸಂಜೆಯಾದರೆ ಮಿರ್ಚಿ ಮಂಡಕ್ಕಿ, ಅಲ್ವಾ? ಒಂದು ಹಿಡಿ ಮಂಡಕ್ಕಿಗೇ ಹೊಟ್ಟೆ ತುಂಬಿದರೆ ಮೊಟ್ಟೆಗೆ, ಪನ್ನೀರಿಗೆ ಜಾಗ ಎಲ್ಲಿ? ಅದಕ್ಕೇ ತಟ್ಟೆಯಲ್ಲಿ ಪ್ರೋಟೀನ್ ಮೊದಲು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ. ಕೆಲವು ತಿಂಗಳಿಗೆ ಕೂದಲು ಉದುರುತ್ತದೆ. ಹೆಚ್ಚಿನವರಿಗೆ ಮತ್ತೆ ಬರುತ್ತದೆ, ಹೆದರಬೇಡಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವೆಲ್ಲವನ್ನೂ ಜೀವನಪೂರ್ತಿ ತೆಗೆದುಕೊಳ್ಳಬೇಕು. "ಚೆನ್ನಾಗಿದ್ದೇನಲ್ಲ" ಅಂತ ಸುಮ್ನೆ ನಿಲ್ಲಿಸಿದವರಿಗೆ ಕೈಕಾಲು ಜೋಮು ಹಿಡಿದದ್ದು ನೋಡಿದ್ದೇನೆ. ಬೇರೆ ಊರಲ್ಲಿ ಮಾಡಿಸುವುದಾದರೆ, ವರ್ಷವರ್ಷದ ರಕ್ತಪರೀಕ್ಷೆ ಇಲ್ಲೇ ಯಾರು ನೋಡುತ್ತಾರೆ ಅಂತ ಈಗಲೇ ಗೊತ್ತು ಮಾಡಿಕೊಳ್ಳಿ.

ಚಿತ್ರದುರ್ಗದಿಂದ:
ನಮ್ಮ ಯಜಮಾನರಿಗೆ ಮಾಡಿಸಿದ್ದೇವೆ. ಇನ್ಶೂರೆನ್ಸ್ ಇದ್ದರೆ ಪಾಲಿಸಿ ಓದಿ. ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು, ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಹತೋಟಿಗೆ ಬಾರದ ಶುಗರ್ ಅಥವಾ ನಿದ್ದೆಯಲ್ಲಿ ಉಸಿರು ನಿಲ್ಲುವ ತೀವ್ರ ತೊಂದರೆ ಇದ್ದರೆ 35 ಸಾಕು. ಪಾಲಿಸಿ ಮಾಡಿಸಿದ ಮೇಲೆ ಇಂಥ ಆಪರೇಷನ್‌ಗೆ ಹಣ ಸಿಗಲು ಕಾಯಬೇಕಾದ ಅವಧಿ ಮುಗಿದಿದೆಯಾ ನೋಡಿ, ಇನ್ಶೂರೆನ್ಸ್ ಕಂಪನಿಯ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ. ಗೊರಕೆಗೆ ನಿದ್ದೆಯ ಪರೀಕ್ಷೆ ಮಾಡಿಸಿ, ಅರಿವಳಿಕೆ ಡಾಕ್ಟರಿಗೆ ರಿಪೋರ್ಟ್ ತೋರಿಸಿ. ಆಪರೇಷನ್ ಆದ ಕೆಲವೇ ದಿನಗಳಲ್ಲಿ ಶುಗರ್ ಇಳಿಯಬಹುದು. ಶುಗರ್ ಔಷಧಿಯ ಹಳೆಯ ಡೋಸನ್ನೇ ಮುಂದುವರಿಸಿದರೆ ಶುಗರ್ ತೀರಾ ಲೋ ಆಗುವ ಅಪಾಯವಿದೆ. ಮನೆಗೆ ಬರುವ ಮುಂಚೆ ಮಾತ್ರೆ, ಇನ್ಸುಲಿನ್ ಎಷ್ಟು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.