2 ಮೀಟರ್ ಎಕ್ಸ್‌ಟ್ರಾ 300 ಕಿಟ್: ಫಿಲ್ಮ್ ಹಾಕೋದಾ, ಪೇಂಟ್ ಹೊಡ್ಸೋದಾ? (ಮೈಸೂರು)

ಕುವೆಂಪುನಗರ_ಬಾಲ್ಸಾ:
ಎಲ್ರಿಗೂ ನಮಸ್ಕಾರ. ಎಕ್ಸ್‌ಟ್ರಾ 300 ಅನ್ನೋ ಏರೋಬ್ಯಾಟಿಕ್ ವಿಮಾನದ ಕ್ವಾರ್ಟರ್ ಸ್ಕೇಲ್ (ನಾಲ್ಕನೇ ಒಂದು ಅಳತೆ) ರಿಮೋಟಲ್ಲಿ ಹಾರಿಸೋ ಮಾಡೆಲ್ ಕಟ್ತಾ ಇದೀನಿ, ಒರಿಜಿನಲ್ ವಿಮಾನದ ರೆಕ್ಕೆ 8 ಮೀಟರ್, ನಂದು 2 ಮೀಟರ್. 35 ಸಿಸಿ ಪೆಟ್ರೋಲ್ ಇಂಜಿನ್ ಕೂರ್ಸ್ತೀನಿ. ಫ್ರೇಮ್ ಪೂರ್ತಿ ಆಯ್ತು, ರೆಕ್ಕೆ ಮುಂಭಾಗಕ್ಕೆ ಬಾಲ್ಸಾ (ಹಗುರ ಮರ) ಶೀಟ್ ಹಾಕಾಗಿದೆ, ಹಿಂದ್ಗಡೆ ಬರೀ ರಿಬ್ಸ್ (ಅಡ್ಡಪಟ್ಟಿಗಳು). ಈಗ ಫಿನಿಶಿಂಗ್ ವಿಷ್ಯಕ್ಕೆ ತಲೆ ಕೆಡ್ತಾ ಇದೆ. ಫ್ಯೂಸಲಾಜು (ವಿಮಾನದ ಒಡಲು), ಟೈಲು, ಕೌಲಿಂಗ್ (ಇಂಜಿನ್ ಮುಚ್ಚೋ ಕವರ್) ಎಲ್ಲಾ ತೆಳು ಫೈಬರ್‌ಗ್ಲಾಸ್ ಬಟ್ಟೆ ಹಾಕಿ ಕಾರಿಗೆ ಹೊಡೆಯೋ 2ಕೆ ಪೇಂಟ್ (ಹಾರ್ಡನರ್ ಬೆರೆಸೋದು) ಹೊಡ್ಸಿದ್ರೆ ಕನ್ನಡಿ ಥರ ಹೊಳೆಯತ್ತೆ ಅಂತ ಆಸೆ, ಮನೆ ಹತ್ರ ಗ್ಯಾರೇಜ್‌ನವ್ರು ಮಾಡ್ಕೊಡ್ತೀನಿ ಅಂದಿದಾರೆ. ಗೊತ್ತಿರೋ ಹಿರಿಯರೊಬ್ರು ಮಾತ್ರ ಐರನ್ ಬಿಸಿಗೆ ಅಂಟಿ ಬಿಗಿಯಾಗೋ ಪ್ಲಾಸ್ಟಿಕ್ ಫಿಲ್ಮೇ ಹಾಕು ಅಂತಾರೆ. ಟೆಸ್ಟಿಗೆ ಅಂತ ಟೈಲಲ್ಲಿ ತಿರುಗೋ ರಡ್ಡರ್‌ಗೆ ಫಿಲ್ಮ್ ಹಾಕಿ ನೋಡ್ದೆ, ರಿಬ್ಸ್ ಮೇಲೆ ಚೆನ್ನಾಗಿ ಟೈಟ್ ಆಗಿದೆ, ಶೀಟ್ ಇರೋ ಕಡೆ ಮಾತ್ರ ಸಣ್ಣ ಸಣ್ಣ ಗುಳ್ಳೆ ಎದ್ದಿದೆ. ಹೊರಗೆ ಜಿಟಿಜಿಟಿ ಮಳೆ ಬೇರೆ. ಏನ್ಮಾಡ್ಲಿ?

ಮಂಡ್ಯ_35ಸಿಸಿ:
ಪೇಂಟ್ ಆಸೆ ಬುಟ್ಬುಡಿ ಸರ್, ಕೌಲಿಂಗ್‌ಗೆ ಮಾತ್ರ ಇಟ್ಕಳಿ. ಯಾಕಂದ್ರೆ ನೋಡಿ, ಕವರಿಂಗ್ ಫಿಲ್ಮು ಒಂದು ಚದರ ಮೀಟರ್‌ಗೆ ಅರವತ್ತು ಎಪ್ಪತ್ತು ಗ್ರಾಂ ಬರ್ತದೆ ಅಷ್ಟೇ, ಗ್ಲಾಸ್ ಬಟ್ಟೆ 25 ಗ್ರಾಂದು ತಗಂಡ್ರೂ ಅದು ಕುಡಿಯೋ ರೆಸಿನ್ನು, ಮೇಲೆ ಪ್ರೈಮರ್, ಕಲರ್, ಕ್ಲಿಯರ್ ಕೋಟ್ ಎಲ್ಲಾ ಸೇರಿ ಸಲೀಸಾಗಿ ಎರಡರಷ್ಟು ದಾಟ್ತದೆ. ಒಟ್ಟು ತೂಕ ಹೋಗ್ಲಿ ಅಂದ್ರೂ ಟೈಲ್ ತೂಕ ಬುಡಲ್ಲ. ನಿಮ್ಮ ಸೈಜಿನ ವಿಮಾನದಲ್ಲಿ ಸಿಜಿಯಿಂದ (ತೂಕ ಸಮ ತೂಗೋ ಜಾಗ) ಟೈಲ್ ಹೆಚ್ಚೂಕಮ್ಮಿ 120 ಸೆಂಟಿಮೀಟರ್ ದೂರ ಐತೆ ಅನ್ಕಳಿ, ಮುಂದೆ ಬ್ಯಾಟ್ರಿ ಇಡೋ ಜಾಗ 50 ಸೆಂಟಿಮೀಟರ್. ಹಿಂದೆ 10 ಗ್ರಾಂ ಜಾಸ್ತಿ ಆದ್ರೆ ಮುಂದೆ 24 ಗ್ರಾಂ ಸೇರಿಸ್ಬೇಕು. ಟೈಲಿಗೆ 60 ಗ್ರಾಂ ಪೇಂಟ್ ಕೂತ್ರೆ ಮೂಗಿಗೆ 140 ಗ್ರಾಂ ಮೇಲೆ ಸೀಸ ಕಟ್ಕಂಡು ಹಾರಿಸ್ಬೇಕಾಯ್ತದೆ, ಯಾವ ಖುಷಿಗೆ ಹೇಳಿ. ಏರೋಬ್ಯಾಟಿಕ್ ವಿಮಾನ ಇದು, ನಿಧಾನಕ್ಕೆ ಹಾರ್ಬೇಕು, ಹಗುರಾಗಿ ಇಳೀಬೇಕು.

ಇನ್ನೊಂದು, ಮೈಸೂರು ಇರೋದೇ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲೆ, ಗಾಳಿ ತೆಳು, ಇಂಜಿನ್ ಪವರ್ ನೂರಕ್ಕೆ ಏಳೆಂಟು ಪಾಲು ಕಮ್ಮಿನೇ ಸಿಗೋದು. ಲ್ಯಾಂಡಿಂಗ್ ಸ್ಪೀಡೂ ಸ್ವಲ್ಪ ಜಾಸ್ತಿ. ಹೊರದೇಶದ ವಿಡಿಯೋದಲ್ಲಿ ಅದೇ ಕಿಟ್ಟು ಅದೇ ಇಂಜಿನ್ನಲ್ಲಿ ಮೂಗು ಮೇಲೆ ಮಾಡಿ ಪ್ರೊಪೆಲ್ಲರ್ ಬಲದಲ್ಲೇ ನೇತಾಡೋದು ನೋಡಿ ನಮ್ದೂ ಹಂಗೇ ಮಾಡ್ತದೆ ಅನ್ಕಂಬುಟ್ರೆ ಆಗಲ್ಲ, ಇಲ್ಲಿ ಒಂದೊಂದು ಗ್ರಾಂ ಲೆಕ್ಕ ಕಣ್ರೀ.

ಸರಸ್ವತಿಪುರಂ_ಫ್ಲೈಯರ್:
ಮಂಡ್ಯದವ್ರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಗುಳ್ಳೆ ವಿಷ್ಯ ನಾನು ಹೇಳ್ತೀನಿ. ಶೀಟ್ ಮೇಲೆ ಗುಳ್ಳೆ ಬರೋಕೆ ಮುಖ್ಯವಾಗಿ ಎರಡು ಕಾರಣ, ಒಂದು ಬಾಲ್ಸಾ ಒಳಗಿನ ತೇವ, ಇನ್ನೊಂದು ಉಜ್ಜಿದ ಪೌಡರ್ ಪೂರ್ತಿ ಹೋಗದೆ ಇರೋದು. ಐರನ್ ಬಿಸಿ ತಾಗಿದ ತಕ್ಷಣ ತೇವ ಆವಿಯಾಗಿ ಫಿಲ್ಮ್ ಕೆಳಗೆ ಸಿಕ್ಕಾಕೊಳತ್ತೆ, ಧೂಳು ಇದ್ದ ಕಡೆ ಅಂಟು ಮರಕ್ಕೆ ಕಚ್ಚೋದೇ ಇಲ್ಲ. ಮಳೆಗಾಲದಲ್ಲಿ ಬಿಡಿಭಾಗಗಳನ್ನ ಬೆಚ್ಚಗಿರೋ ರೂಮಲ್ಲಿ ಕೆಲವು ದಿನ ಇಟ್ಟು ಆಮೇಲೆ ಫಿಲ್ಮಿಗೆ ಕೈ ಹಾಕಿ. 240 ನಂಬರ್ ಸ್ಯಾಂಡ್‌ಪೇಪರ್, ಆಮೇಲೆ 400 ಹಾಕಿ ಉಜ್ಜಿ, ವ್ಯಾಕ್ಯೂಮ್ ಹಿಡಿದು ಸ್ವಲ್ಪ ಅಂಟಂಟಾಗಿರೋ ಬಟ್ಟೆಯಲ್ಲಿ ಒರೆಸಿ. ಒದ್ದೆ ಬಟ್ಟೆ ಮಾತ್ರ ಬೇಡವೇ ಬೇಡ.

ಶೀಟ್ ಮೇಲೆ ನೇರ ಹೆಚ್ಚು ಹೀಟ್ ಕೊಡ್ಬೇಡಿ. 100 ಡಿಗ್ರಿ ಆಸುಪಾಸಲ್ಲಿ ಮಧ್ಯದಿಂದ ಅಂಚಿನ ಕಡೆಗೆ ಗಾಳಿ ತಳ್ತಾ ಹೋಗಿ, ಪೂರ್ತಿ ಅಂಟಿದ ಮೇಲೆ ರಿಬ್ಸ್ ಕಡೆ 150ರ ಹತ್ರ ತಗೊಂಡು ಶ್ರಿಂಕ್ ಮಾಡಿ, ನಿಮ್ಮ ಫಿಲ್ಮ್ ರೋಲ್ ಜೊತೆ ಬಂದ ಚೀಟಿಯಲ್ಲಿ ಬೇರೆ ಟೆಂಪರೇಚರ್ ಇದ್ರೆ ಅದನ್ನೇ ನಂಬಿ. ಉಳಿದ ಗುಳ್ಳೆಗೆ ಸೂಜಿ ಚುಚ್ಚಿ ಒತ್ತಿದ್ರೆ ಕೂತ್ಕೊಳತ್ತೆ. ರೆಕ್ಕೆ ಕೆಳಭಾಗ ಮೊದ್ಲು, ಮೇಲ್ಭಾಗ ಆಮೇಲೆ. ಮತ್ತೆ ಒಂದೇ ಸೈಡ್ ಪೂರ್ತಿ ಎಳೆದು ಬಿಗಿ ಮಾಡ್ಬೇಡಿ, ರೆಕ್ಕೆ ತಿರುಚ್ಕೊಳತ್ತೆ, ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಸಿ ಕೊಡ್ತಾ ಸಮತಟ್ಟಾದ ಟೇಬಲ್ ಮೇಲಿಟ್ಟು ಆಗಾಗ ನೋಡ್ತಾ ಇರಿ. ಇದು ಎಲ್ಲಕ್ಕಿಂತ ಮುಖ್ಯ, ತಿರುಚಿದ ರೆಕ್ಕೆ ಯಾವ ಟ್ರಿಮ್‌ಗೂ (ರಿಮೋಟಲ್ಲಿ ಮಾಡೋ ಸಣ್ಣ ತಿದ್ದುಪಡಿ) ಸರಿ ಹೋಗಲ್ಲ, ಒಂದು ಸ್ಪೀಡಲ್ಲಿ ನೇರ ಹೋದ್ರೆ ಇನ್ನೊಂದು ಸ್ಪೀಡಲ್ಲಿ ವಾಲತ್ತೆ.

ಕುವೆಂಪುನಗರ_ಬಾಲ್ಸಾ:
ತುಂಬಾ ಥ್ಯಾಂಕ್ಸ್ ಸರ್, ಟೈಲ್ ಲೆಕ್ಕ ನೋಡಿದ್ಮೇಲೆ ನಿರ್ಧಾರ ಆಗೋಯ್ತು, ಫಿಲ್ಮೇ. ಕೌಲಿಂಗ್ ಮತ್ತೆ ವೀಲ್ ಪ್ಯಾಂಟ್ಸ್ (ಚಕ್ರದ ಕವರ್) ಮಾತ್ರ ಗ್ಯಾರೇಜ್‌ಗೆ ಕೊಡ್ತೀನಿ. ಇಂಜಿನ್ ಕಡೆ ಮರಕ್ಕೆ ಏನಾದ್ರೂ ಮಾಡ್ಬೇಕಾ? ಮತ್ತೆ ಹಾರ್ಸೋಕೆ ಫೀಲ್ಡ್ ಎಲ್ಲಿ ನೋಡ್ಲಿ?

ಶ್ರೀರಂಗಪಟ್ಟಣ_ಲೂಪ್:
ಫೈರ್‌ವಾಲ್‌ಗೆ (ಇಂಜಿನ್ ಕೂರಿಸೋ ಮರದ ಹಲಗೆ) ಮತ್ತೆ ಟ್ಯಾಂಕ್ ಕೂರೋ ಜಾಗಕ್ಕೆಲ್ಲಾ ತೆಳುವಾಗಿ ಎಪಾಕ್ಸಿ ಬಳೀಲೇಬೇಕು ಗುರು, ಪೆಟ್ರೋಲು ಆಯಿಲ್ಲು ಒಂದ್ಸಲ ಮರಕ್ಕೆ ಇಳಿದ್ರೆ ಫಿಲ್ಮೂ ಬಿಡತ್ತೆ, ಅಂಟೂ ಬಿಡತ್ತೆ. ಅಂಥ ಜಾಗಕ್ಕೆ ಐದು ನಿಮಿಷಕ್ಕೆ ಗಟ್ಟಿಯಾಗೋ ಎಪಾಕ್ಸಿ ಬೇಡ, 30 ನಿಮಿಷದ್ದೋ ಇನ್ನೂ ನಿಧಾನದ್ದೋ ತಗೊಳ್ಳಿ. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ ಎಥನಾಲ್ ಇರತ್ತೆ, ಅದು ನೀರು ಹೀರತ್ತೆ, ಕಾರ್ಬ್ಯುರೇಟರ್ ಡಯಾಫ್ರಾಮಿಗೂ ಒಳ್ಳೇದಲ್ಲ, ಹಾರಿಸಿದ್ಮೇಲೆ ಟ್ಯಾಂಕ್ ಖಾಲಿ ಮಾಡಿ ಇಂಜಿನ್ ತಾನಾಗೇ ಆಫ್ ಆಗೋವರೆಗೂ ಓಡಿಸಿ. 2ಕೆ ಪೇಂಟ್ ಹೊಡೆಯೋವಾಗ ಹತ್ರ ನಿಂತ್ಕೋಬೇಡಿ, ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರತ್ತೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ಏನೂ ತಡೆಯಲ್ಲ.

ಫೀಲ್ಡ್ ಅಂದ್ರೆ ಮೊದ್ಲು ಡಿಜಿಟಲ್ ಸ್ಕೈ (ಡ್ರೋನ್ ಎಲ್ಲಿ ಹಾರಿಸ್ಬೋದು ಅಂತ ತೋರಿಸೋ ಸರ್ಕಾರಿ ವೆಬ್‌ಸೈಟ್) ಮ್ಯಾಪ್ ತೆಗೆದು ನೋಡಿ. 2021ರ ಡ್ರೋನ್ ರೂಲ್ಸ್ ನಮ್ಮ ಮಾಡೆಲ್‌ಗಳಿಗೂ ಅನ್ವಯ ಆಗತ್ತೆ, ಟೈಪ್ ಸರ್ಟಿಫಿಕೇಟ್ (ಆ ಮಾದರಿಗೆ ಕೊಡೋ ಸರ್ಕಾರಿ ಪ್ರಮಾಣಪತ್ರ) ಬೇಡ ಅನ್ನೋದು ಬಿಟ್ರೆ ಝೋನ್ ನಿಯಮ ಎಲ್ಲಾ ಒಂದೇ. ಗ್ರೀನ್ ಝೋನಲ್ಲಿ (ಮುಂಚೆ ಅನುಮತಿ ಬೇಡದ ಜಾಗ) 400 ಅಡಿವರೆಗೆ, ಏರ್‌ಪೋರ್ಟಿಂದ 8 ರಿಂದ 12 ಕಿಲೋಮೀಟರ್ ಒಳಗಾದ್ರೆ 200 ಅಡಿವರೆಗೆ ಮಾತ್ರ. ಮಂಡಕಳ್ಳಿ ಏರ್‌ಪೋರ್ಟ್ ಇರೋದ್ರಿಂದ ಮೈಸೂರಿನ ದಕ್ಷಿಣದ ಕಡೆ ಜಾಗ ಹುಡುಕೋದೇ ಬೇಡ. ಕೆಆರ್‌ಎಸ್ ಸುತ್ತಮುತ್ತಾನೂ ಬೇಡ. ಮಂಡ್ಯ ಕಡೆ ಭತ್ತ ಕುಯ್ದ ಮೇಲೆ ಗದ್ದೆ ಬಯಲು ಸಿಗತ್ತೆ, ರೈತರನ್ನ ಕೇಳಿ ಒಪ್ಪಿಗೆ ತಗೊಂಡೇ ಇಳೀರಿ, ಪಕ್ಕದಲ್ಲಿ ಬೆಳೆದು ನಿಂತ ಕಬ್ಬು ಇಲ್ಲದ ಜಾಗ ನೋಡ್ಕೊಳ್ಳಿ, ಅದರೊಳಗೆ ಬಿದ್ರೆ ಹುಡುಕೋದು ಬಹಳ ಕಷ್ಟ. ಆಷಾಢದ ಗಾಳಿಗೆ ಮೇಡನ್ ಫ್ಲೈಟ್ (ಮೊದಲ ಹಾರಾಟ) ಖಂಡಿತ ಬೇಡ, ದಸರಾ ಕಳೆದು ಮಳೆ ನಿಂತ ಮೇಲೆ ಬೆಳಗ್ಗೆ ಬೇಗ.

ಮಂಡ್ಯ_35ಸಿಸಿ:
ಕಲರ್ ಬಗ್ಗೆ ಒಂದು ಮಾತು ಸೇರಿಸ್ತೀನಿ. ಮೇಲ್ಭಾಗಕ್ಕೆ ಹಳದಿ, ಬಿಳಿ, ಕೆಂಪು ಹಾಕಿ, ಕಪ್ಪು ಬ್ಯಾಡ, ನಮ್ಮ ಬಿಸಿಲಿಗೆ ಕಪ್ಪು ಫಿಲ್ಮ್ ಕಾದು ಸಡಿಲ ಆಯ್ತದೆ. ಕೆಳಗಡೆಗೆ ದೊಡ್ಡ ದೊಡ್ಡ ಕಪ್ಪು ಬಿಳಿ ಚೌಕ ಹಾಕ್ಬುಡಿ, ಅಲ್ಲಿ ನೇರ ಬಿಸಿಲು ಬೀಳಲ್ಲ, ರೋಲ್ ಮಾಡ್ತಾ ದೂರ ಹೋದಾಗ ಯಾವ ಕಡೆ ಮೇಲು ಯಾವ ಕಡೆ ಕೆಳಗೆ ಅಂತ ಒಂದೇ ನೋಟಕ್ಕೆ ಕಾಣ್ಬೇಕು. ತಿಳಿ ಬಣ್ಣ ಮೊದ್ಲು ಅಂಟ್ಸಿ, ಗಾಢ ಬಣ್ಣ ಅದರ ಮೇಲೆ ಆರೇಳು ಮಿಲಿಮೀಟರ್ ಹತ್ತೋ ಹಂಗೆ. ಟೈಲ್ ಪೀಸ್‌ಗಳನ್ನ ಫಿಲ್ಮಿಗೆ ಮುಂಚೆ ಒಂದ್ಸಲ ಆಮೇಲೆ ಒಂದ್ಸಲ ತೂಗಿ ಇಲ್ಲೇ ಬರೀರಿ ಸರ್, ಬ್ಯಾಟ್ರಿ ಎಲ್ಲಿ ಕೂರಿಸ್ಬೇಕು ಅಂತ ಒಟ್ಟಿಗೆ ಲೆಕ್ಕ ಹಾಕವ.